ಐವರು ಕೂಡಿ ಮಾಡುವ ಲೆಕ್ಕ

ಒಂದು ಹೊಲದ ಕಳೆಯನ್ನು ಒಬ್ಬ ಆಳು ಹತ್ತು ದಿನಗಳಲ್ಲಿ ತೆಗೆದರೆ ಹತ್ತು ಆಳುಗಳು ಎಷ್ಟು ದಿನಗಳಲ್ಲಿ ತೆಗೆಯುವರು? ಇದು ನಾವೆಲ್ಲರೂ ಶಾಲೆಯಲ್ಲಿ ಮಾಡಿದ ವ್ಯಸ್ತ ತ್ರೈರಾಶಿಯ ಲೆಕ್ಕ. ಆಳು ಹೆಚ್ಚಿದಷ್ಟೂ ದಿನ ಕಡಮೆ. ಉತ್ತರ ಒಂದು ದಿನ. ಹೊಲದ ಮಟ್ಟಿಗೆ ಈ ಉತ್ತರ ಬಹುಶಃ ಸರಿಯೇ. ಆದರೆ ಬಾವಿಯ ಮಾತು ಬೇರೆ. ಕೂಡ್ಲಿಗಿಯ ಕಡೆಯ ಗಟ್ಟಿನೆಲದಲ್ಲಿ ಒಂದು ಬಾವಿಯನ್ನು ತೋಡಲು ನಾಲ್ವರಿಗೆ ಮೂವತ್ತು ದಿನ ಬೇಕಾದರೆ ನೂರಿಪ್ಪತ್ತು ಜನರಿಗೆ ಒಂದೇ ದಿನ ಸಾಕೆಂದು ತ್ರೈರಾಶಿ ಹೇಳುತ್ತದೆ. ಬಾವಿಯೊಳಗೆ ನೂರಿಪ್ಪತ್ತು ಜನ ನಿಲ್ಲುವುದೆಲ್ಲಿ? ಮೇಲಿನ ಮೊಳವನ್ನು ಅಗೆಯದೆ ಕೆಳಗಿನ ಮೊಳವನ್ನು ಅಗೆಯುವುದೆಂತು?

ಗಣಕಯಂತ್ರಕ್ಕೆ ನಾವು ಒಪ್ಪಿಸುವ ಕೆಲಸಗಳಲ್ಲಿಯೂ ಕಳೆ ತೆಗೆಯುವಂಥವು ಕೆಲವು, ಬಾವಿ ತೋಡುವಂಥವು ಕೆಲವು. ಹೆಚ್ಚಿನವು ಇವೆರಡೂ ಬೆರೆತಂಥವು. ಒಂದು ಕೆಲಸವನ್ನು ಭಾಗಗಳಾಗಿ ಒಡೆದು, ಹಲವು ಪ್ರೊಸೆಸರುಗಳಿಗೆ ಹಂಚಿ, ಅವೆಲ್ಲವೂ ಏಕಕಾಲದಲ್ಲಿ ದುಡಿದು ಒಂದೇ ಉತ್ತರವನ್ನು ತರುವಂತೆ ಆಜ್ಞೆಗಳನ್ನು ಬರೆಯುವ ವಿದ್ಯೆಗೆ ಸಮಾಂತರ ಕ್ರಮವಿಧಿ ರಚನೆಯೆಂದು ಹೆಸರು. ಕ್ರಮವಿಧಿಯೆಂದರೆ ವಿದ್ಯಾರ್ಥಿಗಳು ನಿತ್ಯವೂ ಆಡುವ ‘ಪ್ರೋಗ್ರಾಂ’ ಎಂಬ ಮಾತೇ ಹೊರತು ಬೇರೆಯಲ್ಲ. ವಿಶ್ವವಿದ್ಯಾಲಯಗಳಲ್ಲಿ ಈ ವಿದ್ಯೆಯನ್ನು ಸಾಮಾನ್ಯವಾಗಿ ಒಂದು ಯೋಜನೆಯ ರೂಪದಲ್ಲಿ, ನಾಲ್ಕೈದು ವಿದ್ಯಾರ್ಥಿಗಳ ಗುಂಪಿಗೆ ಒಪ್ಪಿಸಿ ಕಲಿಸುತ್ತಾರೆ. ಯಂತ್ರಗಳು ಕೂಡಿ ದುಡಿಯುವುದನ್ನು ಕಲಿಯಬೇಕಾದವರು ತಾವೂ ಕೂಡಿಯೇ ದುಡಿಯಬೇಕಾಗುತ್ತದೆ. ಯಂತ್ರಗಳ ನಡುವೆ ಏಳುವ ತೊಡಕುಗಳೇ ಮನುಷ್ಯರ ನಡುವೆಯೂ ಏಳುವುವೆಂಬುದು ಈ ಪಾಠದ ಸ್ವಾರಸ್ಯ.

ಈ ವಿದ್ಯೆ ಈಗ ಎಲ್ಲರಿಗೂ ಏಕೆ ಬೇಕಾಯಿತೆಂಬುದನ್ನು ಮೊದಲು ಹೇಳಬೇಕು. ಸುಮಾರು ೨೦೦೪ರವರೆಗೆ ಪ್ರೊಸೆಸರಿನ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದಿತು. ಅದರೊಳಗಿನ ಗಡಿಯಾರ ಸೆಕೆಂಡಿಗೆ ಮುನ್ನೂರು ನಾನೂರು ಕೋಟಿ ಸಲ ಮಿಡಿಯುವ ಮಟ್ಟವನ್ನು ಮುಟ್ಟಿದಾಗ ಏರಿಕೆ ನಿಂತಿತು. ಇನ್ನೂ ಬೇಗ ಮಿಡಿಸಿದರೆ ಹುಟ್ಟುವ ಶಾಖವನ್ನು ಹೊರಕ್ಕೆ ಸಾಗಿಸುವುದು ದುಸ್ಸಾಧ್ಯವಾಯಿತು. ಯಂತ್ರ ತಯಾರಕರು ಆಗ ಬೇರೆ ದಾರಿಯನ್ನು ಹಿಡಿದರು. ಒಂದೇ ಚಿಪ್ಪಿನೊಳಗೆ ಎರಡು ಪ್ರೊಸೆಸರುಗಳನ್ನು ಕೂರಿಸಿದರು. ೨೦೦೫ರಲ್ಲಿ ಮೇಜಿನ ಮೇಲಿನ ಸಾಮಾನ್ಯ ಗಣಕಗಳಿಗೂ ಇವು ಬಂದವು. ಇವನ್ನು ‘ಕೋರ್’ ಎನ್ನುತ್ತಾರೆ. ಇಂದು ವಿದ್ಯಾರ್ಥಿಯ ಜೇಬಿನಲ್ಲಿರುವ ಫೋನಿನಲ್ಲಿಯೇ ಎಂಟು ಕೋರುಗಳಿರುವುದು ಸಾಮಾನ್ಯ. ಆದರೆ ಹಳೆಯ ರೀತಿಯಲ್ಲಿ, ಒಂದಾದ ಮೇಲೊಂದು ಆಜ್ಞೆಯೆಂಬಂತೆ ಬರೆದ ಕ್ರಮವಿಧಿಯು ಆ ಎಂಟರಲ್ಲಿ ಒಂದನ್ನು ಮಾತ್ರ ದುಡಿಸುವುದು. ಉಳಿದ ಏಳು ಕೈಕಟ್ಟಿ ಕುಳಿತಿರುವುವು.

ವಿಚಾರವೇನೋ ಗಣಕಯಂತ್ರಕ್ಕಿಂತ ಹಳೆಯದು. ಲೂಯಿಸ್ ರಿಚರ್ಡ್‌ಸನ್ ಎಂಬ ಆಂಗ್ಲ ವಿಜ್ಞಾನಿ ೧೯೨೨ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ ಹವೆಯ ಮುನ್ಸೂಚನೆಯನ್ನು ಕೇವಲ ಗಣಿತದಿಂದ ಮಾಡುವ ಬಗೆಯನ್ನು ವಿವರಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿ ನಡೆಸುತ್ತಿದ್ದ ಕಾಲದಲ್ಲಿ ಆತನು ಯೂರೋಪಿನ ಒಂದು ಭಾಗಕ್ಕೆ ಆರು ಗಂಟೆಗಳ ಮುನ್ಸೂಚನೆಯನ್ನು ಕೈಯಿಂದಲೇ ಲೆಕ್ಕ ಹಾಕಿದ್ದನು. ಅದಕ್ಕೆ ವಾರಗಟ್ಟಲೆ ಹಿಡಿಯಿತು. ಉತ್ತರವೂ ಪೂರ್ತಿ ತಪ್ಪಾಯಿತು. ಆದರೂ ಎದೆಗುಂದದೆ ಆತನು ಒಂದು ಭವ್ಯವಾದ ಕಲ್ಪನೆಯನ್ನು ಮುಂದಿಟ್ಟನು. ಬೃಹತ್ತಾದ ಒಂದು ರಂಗಮಂದಿರ. ಅದರ ಗೋಡೆಯ ಮೇಲೆಲ್ಲ ಭೂಮಂಡಲದ ನಕ್ಷೆ. ಅದರುದ್ದಕ್ಕೂ ಕುಳಿತ ೬೪,೦೦೦ ಲೆಕ್ಕಿಗರು. ಒಬ್ಬೊಬ್ಬರೂ ತಮ್ಮ ಪಾಲಿನ ತುಂಡುಭೂಮಿಯ ಹವೆಯನ್ನು ಮಾತ್ರ ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು ನೆರೆಯವರಿಗೆ ತೋರಿಸುವರು. ನಡುವೆ ಎತ್ತರವಾದ ಕಂಬದ ಮೇಲೆ ನಿಂತ ಒಬ್ಬ ಮುಖ್ಯಸ್ಥನು, ಮುಂದೆ ಹೋಗುವ ಭಾಗದ ಮೇಲೊಂದು ಬಣ್ಣದ ಬೆಳಕನ್ನೂ ಹಿಂದೆ ಬೀಳುವ ಭಾಗದ ಮೇಲೆ ಇನ್ನೊಂದು ಬಣ್ಣದ ಬೆಳಕನ್ನೂ ಬೀರಿ ಎಲ್ಲರನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವನು. ಇಂದಿನ ಮಹಾಗಣಕಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಲೆಕ್ಕಿಗರ ಜಾಗದಲ್ಲಿ ಪ್ರೊಸೆಸರುಗಳಿವೆ, ಅಷ್ಟೆ.

ನಮ್ಮ ನಾಡಿನಲ್ಲಿ ಈ ಬಗೆಯ ಯಂತ್ರವು ಮೊದಲು ರೂಪುಗೊಂಡದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ಎಂದರೆ ಎನ್.ಎ.ಎಲ್.ನಲ್ಲಿ. ರೊದ್ದಂ ನರಸಿಂಹ ಅವರು ಅದರ ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ಅವರ ಮುಂದಾಳುತನದಲ್ಲಿ ೧೯೮೬ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವು ಸಿದ್ಧವಾಯಿತು. ಹರಿವಿನ ಸಮೀಕರಣಗಳನ್ನು ಬಿಡಿಸುವುದೆಂದು ಹೆಸರಿನ ಅರ್ಥ. ಮೊದಲ ಯಂತ್ರದಲ್ಲಿದ್ದುವು ಅಂಗಡಿಯಲ್ಲಿ ದೊರೆಯುತ್ತಿದ್ದ ಇಂಟೆಲ್ ೮೦೮೬ ಜಾತಿಯ ಸಾಮಾನ್ಯ ಪ್ರೊಸೆಸರುಗಳು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯನ್ನು ತಿಳಿಯಲೆಂದು ಕಟ್ಟಿದ ಈ ಯಂತ್ರಗಳ ಮುಂದಿನ ಪೀಳಿಗೆಗಳ ಮೇಲೆ ಮುಂಗಾರಿನ ಲೆಕ್ಕಗಳೂ ನಡೆದವು. ‘ವರ್ಷಾ’ ಎಂಬ ಹವಾಮಾನ ಮಾದರಿ ಅಲ್ಲಿ ಹುಟ್ಟಿದ್ದು. ದುಬಾರಿಯಾದ ಒಂದು ಯಂತ್ರವನ್ನು ಕೊಳ್ಳಲಾರದವರು ಅಗ್ಗದ ಹಲವನ್ನು ಕೂಡಿಸಿ ದುಡಿಸಬಹುದೆಂಬುದು ಅಂದು ಧೈರ್ಯದ ಮಾತಾಗಿತ್ತು.

ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪಾಠವೇ ಇದೆ. ಅಲ್ಲಿ ೨೦೨೨ರಲ್ಲಿ ಸ್ಥಾಪನೆಗೊಂಡ ‘ಪರಮ್ ಪ್ರವೇಗ’ ಎಂಬ ಮಹಾಗಣಕದ ಗರಿಷ್ಠ ವೇಗ ಸೆಕೆಂಡಿಗೆ ೩.೩ ಪೆಟಾಫ್ಲಾಪ್, ಎಂದರೆ ೩೩ರ ಮುಂದೆ ಹದಿನಾಲ್ಕು ಸೊನ್ನೆಗಳಷ್ಟು ಲೆಕ್ಕಗಳು. ಆದರೆ ಈ ವಿದ್ಯೆ ಅಂಥ ಯಂತ್ರವಿರುವಲ್ಲಿ ಮಾತ್ರ ಕಲಿಯಬಹುದಾದುದೆಂದು ತಿಳಿಯಬಾರದು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ೨೦೨೨ರ ಪಠ್ಯಕ್ರಮದಲ್ಲಿ ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ಸಮಾಂತರ ಗಣನೆಯನ್ನು ಪ್ರಯೋಗಗಳೊಡನೆ ಇರಿಸಿದೆ. ಹೂವಿನಹಡಗಲಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜೂ ಆ ವಿಶ್ವವಿದ್ಯಾಲಯಕ್ಕೆ ಸೇರಿದುದು. ನಾಲ್ಕು ಕೋರುಗಳ ಒಂದು ಸಾಧಾರಣ ಗಣಕವಿದ್ದರೂ ಪಾಠದ ಮುಕ್ಕಾಲು ಪಾಲು ಸಾಗುತ್ತದೆ. ಬೇಕಾದ ತಂತ್ರಾಂಶಕ್ಕೆ ಬೆಲೆಯಿಲ್ಲ.

ಇನ್ನು ಪಾಠಕ್ಕೆ ಬರೋಣ. ೨೦೨೧ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಈ ಐದರಿಂದಲೂ ಒಬ್ಬೊಬ್ಬರಂತೆ ಬಂದ ಐವರು ವಿದ್ಯಾರ್ಥಿಗಳ ಗುಂಪೊಂದನ್ನು ಕಲ್ಪಿಸಿಕೊಳ್ಳೋಣ. ಅವರನ್ನು ಊರಿನ ಹೆಸರಿನಿಂದಲೇ ಕರೆಯೋಣ.

ಅವರಿಗೆ ಮೊದಲು ಹೊಳೆಯುವ ಯೋಜನೆ ಮಳೆಯದು. ಸಹಜವೇ. ಅದು ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಸೀಮೆ. ಮೊದಲ ಹದಕ್ಕೆ ಬಿತ್ತಿದ ಬೀಜ ಮುಂದಿನ ಮಳೆ ತಡೆದರೆ ಮಣ್ಣಿನಲ್ಲಿಯೇ ಒಣಗುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ತಾವಾಗಿಯೇ ಸುದ್ದಿ ಕಳಿಸುತ್ತವೆ. ಅನುಕೂಲಕ್ಕಾಗಿ ಐದು ತಾಲ್ಲೂಕುಗಳಲ್ಲಿ ಕೂಡಿ ನೂರು ಮಾಪಕಗಳೆಂದು ಹಿಡಿಯೋಣ. ದಿನಕ್ಕೆ ಒಂದೊಂದರಿಂದ ೯೬ ಅಳತೆಗಳು. ವರ್ಷಕ್ಕೆ ಎಲ್ಲವೂ ಸೇರಿ ೩೫,೦೪,೦೦೦. ಇವನ್ನು ತಾಲ್ಲೂಕಿನಂತೆ ಹಂಚಿಕೊಂಡು ಕೂಡಿದರೆ ಕೆಲಸ ಐದು ಪಟ್ಟು ಬೇಗ ಆಗಬೇಡವೆ?

ಆಗುವುದಿಲ್ಲ. ಮೂವತ್ತೈದು ಲಕ್ಷ ಸಂಖ್ಯೆಗಳನ್ನು ಕೂಡುವುದು ಇಂದಿನ ಗಣಕದ ಒಂದೇ ಕೋರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಅವುಗಳನ್ನು ಐದು ಪಾಲು ಮಾಡಿ, ಕಳಿಸಿ, ಉತ್ತರಗಳನ್ನು ಬರಮಾಡಿಕೊಳ್ಳುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದೀತು. ವಿದ್ಯಾರ್ಥಿಗಳ ಯೋಜನೆಗಳಲ್ಲಿ ಬಹಳವಾಗಿ ಕಾಣುವ ದೋಷ ಇದೇ ಎಂದು ನಮ್ಮ ಎಣಿಕೆ. ವಿಷಯ ಒಳ್ಳೆಯದು, ಕೆಲಸ ಮಾತ್ರ ಹಂಚಿಕೊಳ್ಳಲಾರದಷ್ಟು ಚಿಕ್ಕದು. ಪಾವು ಅಕ್ಕಿಯ ಅನ್ನಕ್ಕೆ ಐದು ಒಲೆ ಹೂಡಿದಂತೆ.

ಆದುದರಿಂದ ಗುಂಪು ಭಾರವಾದ ಇನ್ನೊಂದು ಲೆಕ್ಕವನ್ನು ಆರಿಸಿಕೊಳ್ಳುತ್ತದೆ. ಐದು ತಾಲ್ಲೂಕುಗಳ ನಕ್ಷೆಯ ಮೇಲೆ ಚೌಕಾಬಾರದ ಮಣೆಯಂತೆ ಗೆರೆ ಎಳೆದು ಒಂದು ಲಕ್ಷ ಮನೆಗಳನ್ನು ಮಾಡಿದರೆಂದು ಭಾವಿಸಿ. ನಕ್ಷೆಯ ಹೊರ ಅಂಚಿನ ಮನೆಗಳ ಉಷ್ಣತೆ ಗೊತ್ತಿದೆ. ಒಳಗಿನವುಗಳ ಉಷ್ಣತೆಯನ್ನು ಕಂಡುಹಿಡಿಯಬೇಕು. ನಿಯಮ ಸರಳ: ಪ್ರತಿ ಮನೆಯ ಹೊಸ ಉಷ್ಣತೆಯು ಅದರ ನಾಲ್ಕು ಮಗ್ಗುಲಿನ ಮನೆಗಳ ಹಳೆಯ ಉಷ್ಣತೆಗಳ ಸರಾಸರಿ. ಎಲ್ಲ ಮನೆಗಳಿಗೂ ಒಂದು ಸುತ್ತು ಹೀಗೆ ಮಾಡಿದ ಮೇಲೆ ಮತ್ತೊಂದು ಸುತ್ತು. ಬದಲಾವಣೆ ಗಣನೆಗೆ ಬಾರದಷ್ಟು ಸಣ್ಣದಾಗುವವರೆಗೆ ಸಾವಿರಾರು ಸುತ್ತು. ಇದು ನಿಜವಾದ ಹವೆಯ ಲೆಕ್ಕವಲ್ಲ, ಅದರ ಅಸ್ಥಿಪಂಜರ. ಆದರೆ ರಿಚರ್ಡ್‌ಸನ್ನನ ರಂಗಮಂದಿರದ ಎಲ್ಲ ತೊಡಕುಗಳೂ ಇದರಲ್ಲಿ ಅಡಗಿವೆ.

ಮೊದಲನೆಯ ತೊಡಕು ಪಾಲಿನದು. ತಾಲ್ಲೂಕಿಗೊಬ್ಬರಂತೆ ಹಂಚಿಕೊಳ್ಳುವುದು ಕೇಳಲು ನ್ಯಾಯವಾಗಿದೆ. ಆದರೆ ಹರಪನಹಳ್ಳಿ ದೊಡ್ಡ ತಾಲ್ಲೂಕು. ೨೦೧೮ರಲ್ಲಿ ಕೂಡ್ಲಿಗಿಯಿಂದ ಬೇರ್ಪಟ್ಟ ಕೊಟ್ಟೂರು ಚಿಕ್ಕದು. ಲೆಕ್ಕಕ್ಕಾಗಿ ಹರಪನಹಳ್ಳಿಗೆ ೩೦ ಸಾವಿರ, ಕೂಡ್ಲಿಗಿಗೆ ೨೦ ಸಾವಿರ, ಹಗರಿಬೊಮ್ಮನಹಳ್ಳಿಗೂ ಹಡಗಲಿಗೂ ೧೯ ಸಾವಿರದಂತೆ, ಕೊಟ್ಟೂರಿಗೆ ೧೨ ಸಾವಿರ ಮನೆಗಳು ಬಂದುವೆಂದು ಇಟ್ಟುಕೊಳ್ಳೋಣ. ಪ್ರತಿ ಸುತ್ತಿನಲ್ಲಿಯೂ ಕೊಟ್ಟೂರಿನವನು ಬೇಗ ಮುಗಿಸಿ ಕಾಯುವನು. ಹರಪನಹಳ್ಳಿಯವನು ಮುಗಿಸುವವರೆಗೆ ಮುಂದಿನ ಸುತ್ತು ಮೊದಲಾಗದು. ಒಂದು ಲಕ್ಷ ಮನೆಗಳ ಕೆಲಸ ೩೦ ಸಾವಿರದ ಹೊತ್ತಿನಲ್ಲಿ ಮುಗಿಯಿತು. ಎಂದರೆ ಐವರು ಸೇರಿದರೂ ವೇಗ ಹೆಚ್ಚಿದ್ದು ಮೂರೂಕಾಲು ಪಟ್ಟಿಗಿಂತ ತುಸುವೇ ಮೇಲೆ. ಕಂದಾಯದ ಗಡಿಯನ್ನು ಮರೆತು ಇಪ್ಪತ್ತಿಪ್ಪತ್ತು ಸಾವಿರದಂತೆ ಸಮನಾಗಿ ಗೆರೆ ಎಳೆಯುವುದೇ ಇದಕ್ಕೆ ಪರಿಹಾರ. ಕೂಡಿ ಮಾಡುವ ಕೆಲಸದ ವೇಗವನ್ನು ನಿರ್ಧರಿಸುವವನು ಅತಿ ನಿಧಾನವಾಗಿ ಮುಗಿಸುವವನು.

ಎರಡನೆಯದು ಗಡಿಯ ತೊಡಕು. ತಾಲ್ಲೂಕಿನ ಒಳಗಿನ ಮನೆಗೆ ನಾಲ್ಕು ನೆರೆಯೂ ತನ್ನವೇ. ಗಡಿಯ ಮನೆಗೆ ಹಾಗಲ್ಲ. ಹಡಗಲಿಯ ಪೂರ್ವದಂಚಿನ ಮನೆಯ ಹೊಸ ಉಷ್ಣತೆಗೆ ಹಗರಿಬೊಮ್ಮನಹಳ್ಳಿಯ ಅಂಚಿನ ಹಳೆಯ ಉಷ್ಣತೆ ಬೇಕು. ಆದ್ದರಿಂದ ಪ್ರತಿ ಸುತ್ತಿನ ಕೊನೆಯಲ್ಲಿಯೂ ನೆರೆಹೊರೆಯವರು ತಮ್ಮ ತಮ್ಮ ಅಂಚಿನ ಒಂದು ಸಾಲನ್ನು ಪರಸ್ಪರ ಕಳಿಸಿಕೊಳ್ಳಬೇಕು. ಕೂಡ್ಲಿಗಿಗೂ ಹಡಗಲಿಗೂ ಎಲ್ಲೆ ಕೂಡಿಲ್ಲ. ಅವರು ಮಾತನಾಡುವ ಕಾರಣವಿಲ್ಲ. ಈ ಕಳಿಸುವಿಕೆಗೆ ಹಿಡಿಯುವ ಹೊತ್ತು ವ್ಯರ್ಥವಲ್ಲವಾದರೂ ಲೆಕ್ಕದ ಹೊತ್ತೂ ಅಲ್ಲ. ಇದನ್ನು ಎಷ್ಟು ಕಡಮೆ ಮಾಡಬಹುದೆಂಬುದರಲ್ಲಿ ರೇಖಾಗಣಿತವಿದೆ. ಪಕ್ಕಕ್ಕೆ ೮೦೦, ಎತ್ತರಕ್ಕೆ ೮೦೦ ಮನೆಗಳ ಮಣೆಯನ್ನು ೧೬ ಜನರಿಗೆ ಹಂಚಬೇಕೆನ್ನಿ. ಉದ್ದುದ್ದ ಪಟ್ಟಿಗಳಾಗಿ ಕೊಯ್ದರೆ ಒಬ್ಬೊಬ್ಬರ ಪಾಲು ೮೦೦ಕ್ಕೆ ೫೦. ಎರಡು ಅಂಚುಗಳಲ್ಲಿ ೧,೬೦೦ ಮನೆಗಳ ಸುದ್ದಿ ಕಳಿಸಬೇಕು. ಚೌಕಗಳಾಗಿ ಕೊಯ್ದರೆ ಪಾಲು ೨೦೦ಕ್ಕೆ ೨೦೦. ಮನೆಗಳು ಅಷ್ಟೇ, ಎಂದರೆ ೪೦ ಸಾವಿರ. ಆದರೆ ನಾಲ್ಕು ಅಂಚುಗಳಿಂದ ಕಳಿಸಬೇಕಾದುದು ೮೦೦ ಮನೆಗಳದು ಮಾತ್ರ. ಅದೇ ಕೆಲಸ, ಅರ್ಧ ಮಾತು.

ಕಳಿಸಿಕೊಳ್ಳುವ ಬಗೆಯಲ್ಲಿ ಎರಡು ಸಂಪ್ರದಾಯಗಳಿವೆ. ಒಂದರಲ್ಲಿ ಕೆಲಸಗಾರರು ಬೇರೆ ಬೇರೆ ಊರಿನಲ್ಲಿರುವವರಂತೆ. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಾಣದು, ಕಾಗದ ಬರೆದೇ ತಿಳಿಸಬೇಕು. ೧೯೯೪ರಲ್ಲಿ ರೂಪುಗೊಂಡ ‘ಎಂಪಿಐ’ ಎಂಬ ಕಟ್ಟಳೆ ಈ ಬಗೆಯದು. ಇನ್ನೊಂದರಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಕರಿಹಲಗೆಯ ಮುಂದೆ ಕುಳಿತವರಂತೆ; ೧೯೯೭ರಲ್ಲಿ ಬಂದ ‘ಓಪನ್ ಎಂಪಿ’ ಈ ಬಗೆಯದು. ಒಂದೊಂದಕ್ಕೂ ಅದರದೇ ಆದ ಕಂಟಕವಿದೆ.

ಕಾಗದದ ಸಂಪ್ರದಾಯದ ಕಂಟಕ ಹೀಗೆ. ‘ಮೊದಲು ನೆರೆಯವನ ಕಾಗದ ಬರಲಿ, ಅನಂತರ ನನ್ನದನ್ನು ಕಳಿಸುವೆನು’ ಎಂದು ಹಡಗಲಿಯವನು ನಿಯಮ ಮಾಡಿಕೊಂಡನು. ಹಗರಿಬೊಮ್ಮನಹಳ್ಳಿಯವನೂ ಅದೇ ನಿಯಮವನ್ನು ಬರೆದುಕೊಂಡನು. ಇಬ್ಬರೂ ಕಾಯುತ್ತಾರೆ, ಯಂತ್ರ ಕೆಟ್ಟಿಲ್ಲ, ತಪ್ಪಿನ ಸೂಚನೆಯಿಲ್ಲ, ಪರದೆಯ ಮೇಲೆ ಏನೂ ಬಾರದು. ಇದಕ್ಕೆ ‘ಡೆಡ್‌ಲಾಕ್’ ಎಂದು ಹೆಸರು, ಬಿಗಿಗಂಟು ಎನ್ನಬಹುದು. ಮೇಲೆ ಹೇಳಿದ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದ ಪ್ರಯೋಗಗಳ ಪಟ್ಟಿಯಲ್ಲಿ ಈ ಬಿಗಿಗಂಟನ್ನು ಬೇಕೆಂದೇ ಉಂಟುಮಾಡಿ, ಆಜ್ಞೆಗಳ ಕ್ರಮವನ್ನು ಬದಲಿಸಿ ಬಿಡಿಸುವ ಪ್ರಯೋಗವೇ ಒಂದಿದೆ. ಒಳ್ಳೆಯ ಏರ್ಪಾಡು. ನಮ್ಮ ಐವರಿಗೆ ಒಂದು ಸುಲಭೋಪಾಯವನ್ನು ಹೇಳಬಹುದು: ಒಂದರಿಂದ ಐದರವರೆಗೆ ಸಂಖ್ಯೆ ಹಾಕಿಕೊಳ್ಳಲಿ, ಪ್ರತಿಯೊಬ್ಬನೂ ನೆರೆಯವರೊಡನೆ ಅವರ ಸಂಖ್ಯೆಗಳ ಏರುಕ್ರಮದಲ್ಲಿಯೇ ವ್ಯವಹರಿಸಲಿ, ಯಾವ ಇಬ್ಬರ ನಡುವೆಯಾದರೂ ಸಣ್ಣ ಸಂಖ್ಯೆಯವನು ಮೊದಲು ಕಳಿಸಲಿ, ದೊಡ್ಡ ಸಂಖ್ಯೆಯವನು ಮೊದಲು ಪಡೆಯಲಿ. ಗಂಟು ಬೀಳುವುದಿಲ್ಲ. ಏಕೆ ಬೀಳುವುದಿಲ್ಲವೆಂಬುದನ್ನು ಕಾಗದದ ಮೇಲೆ ಐದು ಚುಕ್ಕೆಗಳನ್ನಿಟ್ಟು ಓದುಗರೇ ಸಾಧಿಸಿ ನೋಡಬಹುದು.

ಕರಿಹಲಗೆಯ ಕಂಟಕ ಇದಕ್ಕಿಂತ ಕಪಟಿ. ಹಲಗೆಯ ಮೇಲೆ ಒಟ್ಟು ಮೊತ್ತ ೪೦ ಎಂದಿದೆ. ಕೂಡ್ಲಿಗಿಯವನು ಅದಕ್ಕೆ ೫ ಸೇರಿಸಬೇಕು, ಕೊಟ್ಟೂರಿನವನು ೭. ಕೂಡ್ಲಿಗಿಯವನು ೪೦ನ್ನು ಓದಿಕೊಂಡು ಮನಸ್ಸಿನಲ್ಲಿ ಕೂಡುತ್ತಿರುವಾಗಲೇ ಕೊಟ್ಟೂರಿನವನೂ ಅದೇ ೪೦ನ್ನು ಓದಿದನು. ಒಬ್ಬನು ಬಂದು ೪೫ ಎಂದು ಬರೆದನು. ಇನ್ನೊಬ್ಬನು ಅದನ್ನು ಅಳಿಸಿ ೪೭ ಎಂದು ಬರೆದನು. ಸರಿಯುತ್ತರ ೫೨. ಇಬ್ಬರೂ ತಪ್ಪು ಕೂಡಿಲ್ಲ. ಆದರೂ ೫ ಮಾಯವಾಯಿತು. ಇಬ್ಬರೂ ಒಂದೇ ಹೊತ್ತಿಗೆ ಹಲಗೆಗೆ ಬಾರದಿದ್ದರೆ ಈ ತಪ್ಪು ಆಗದು. ಆದುದರಿಂದ ಕ್ರಮವಿಧಿಯನ್ನು ನೂರು ಸಲ ನಡೆಸಿದರೆ ತೊಂಬತ್ತೊಂಬತ್ತು ಸಲ ಸರಿಯುತ್ತರವೇ ಬಂದೀತು. ಅಧ್ಯಾಪಕರ ಮುಂದೆ ನಡೆಸುವಾಗ ಆ ನೂರನೆಯದು ಬರುವುದುಂಟು! ಸೀಮೆಸುಣ್ಣ ಒಂದೇ ಇರಬೇಕು, ಅದನ್ನು ಹಿಡಿದವನು ಮಾತ್ರ ಓದಿ, ಕೂಡಿ, ಬರೆದು ಇನ್ನೊಬ್ಬನಿಗೆ ಕೊಡಬೇಕೆಂಬುದು ಒಂದು ಪರಿಹಾರ. ಆದರೆ ಪ್ರತಿ ಸಂಖ್ಯೆಗೂ ಸೀಮೆಸುಣ್ಣಕ್ಕಾಗಿ ಸಾಲು ನಿಂತರೆ ಐವರ ಕೆಲಸ ಮತ್ತೆ ಒಬ್ಬನ ಕೆಲಸವಾಯಿತು. ತನ್ನ ಪಾಲನ್ನೆಲ್ಲ ತನ್ನ ಹಾಳೆಯಲ್ಲಿಯೇ ಕೂಡಿಕೊಂಡು, ಕೊನೆಗೊಮ್ಮೆ ಮಾತ್ರ ಹಲಗೆಗೆ ಬರುವುದು ಜಾಣತನ.

ಇಲ್ಲಿಯೇ ವಿದ್ಯಾರ್ಥಿಗಳನ್ನು ಕಕ್ಕಾಬಿಕ್ಕಿ ಮಾಡುವ ಇನ್ನೊಂದು ಸಂಗತಿಯನ್ನು ಹೇಳಿಬಿಡೋಣ. ಯಾವ ತಪ್ಪೂ ಇಲ್ಲದಿದ್ದರೂ ಒಂದು ಕೋರು ಕೊಟ್ಟ ಮೊತ್ತಕ್ಕೂ ಐದು ಕೋರುಗಳು ಕೊಟ್ಟ ಮೊತ್ತಕ್ಕೂ ಕೊನೆಯ ಕೆಲವು ಅಂಕಿಗಳಲ್ಲಿ ವ್ಯತ್ಯಾಸ ಬರಬಹುದು. ಯಂತ್ರವು ಪ್ರತಿ ಸಂಖ್ಯೆಯಲ್ಲಿಯೂ ಗೊತ್ತಾದಷ್ಟು ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನಾಲ್ಕೇ ಅಂಕಿ ಉಳಿಸಿಕೊಳ್ಳುವ ಯಂತ್ರದಲ್ಲಿ ೧೦೦೦ಕ್ಕೆ ೦.೪ ಕೂಡಿದರೆ ೧೦೦೦ವೇ. ಐದು ಸಲ ಕೂಡಿದರೂ ಅಷ್ಟೇ. ಆದರೆ ಐದು ೦.೪ಗಳನ್ನು ಮೊದಲು ಕೂಡಿಕೊಂಡರೆ ೨ ಆಯಿತು. ಅದನ್ನು ೧೦೦೦ಕ್ಕೆ ಸೇರಿಸಿದರೆ ೧೦೦೨. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗದೆಂಬ ಬೀಜಗಣಿತದ ನಿಯಮ ಯಂತ್ರದೊಳಗೆ ಪೂರ್ಣವಾಗಿ ನಡೆಯದು.

ಇಷ್ಟೆಲ್ಲವನ್ನೂ ಸರಿಪಡಿಸಿಕೊಂಡ ಮೇಲೆ ವೇಗ ಎಷ್ಟು ಹೆಚ್ಚೀತು? ಜೀನ್ ಆಮ್ಡಾಲ್ ಎಂಬ ಯಂತ್ರಶಿಲ್ಪಿ ೧೯೬೭ರಲ್ಲಿ ಇದಕ್ಕೊಂದು ಮಿತಿಯನ್ನು ತೋರಿಸಿದನು. ಒಬ್ಬನಿಗೆ ನೂರು ನಿಮಿಷ ಹಿಡಿಯುವ ಕೆಲಸದಲ್ಲಿ ಹತ್ತು ನಿಮಿಷದ್ದು ಹಂಚಲಾಗದಂಥದು, ನಮ್ಮ ಬಾವಿಯ ಜಾತಿಯದು ಎನ್ನೋಣ. ಉಳಿದ ತೊಂಬತ್ತು ನಿಮಿಷದ್ದು ಹೊಲದ ಜಾತಿಯದು. ಐವರಿದ್ದರೆ ೧೦ಕ್ಕೆ ೧೮ ಸೇರಿ ೨೮ ನಿಮಿಷ. ಹತ್ತು ಜನರಿದ್ದರೆ ೧೯. ನೂರು ಜನರಿದ್ದರೆ ೧೦.೯. ಲಕ್ಷ ಜನರಿದ್ದರೂ ಹತ್ತು ನಿಮಿಷಕ್ಕೆ ಕಡಮೆಯಾಗದು. ವೇಗವು ಹತ್ತು ಪಟ್ಟನ್ನು ದಾಟದು. ಕೊಟ್ಟೂರಿನ ತೇರನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಹಗ್ಗ ಹಿಡಿಯುವ ಕೈ ಸಾವಿರ. ಗಾಲಿಗೆ ಮರದ ತುಂಡು ಒಡ್ಡಿ ದಿಕ್ಕು ತಿದ್ದುವವರು ಕೆಲವರು. ಅವರು ತಿದ್ದುತ್ತಿರುವಷ್ಟು ಹೊತ್ತು ಆ ಸಾವಿರ ಕೈಗಳೂ ಕಾಯಲೇಬೇಕು.

ಇದಕ್ಕೆ ಮಾತಿನ ಹೊತ್ತನ್ನೂ ಸೇರಿಸಿ ನೋಡಿ. ಗುಂಪಿನಲ್ಲಿರುವ ಒಬ್ಬೊಬ್ಬನಿಗೂ ಒಂದೊಂದು ನಿಮಿಷದ ಕಳಿಸುವಿಕೆ ತಗಲುವುದೆಂದಿಟ್ಟುಕೊಂಡರೆ ಐವರಿಗೆ ೩೩ ನಿಮಿಷ. ಒಂಬತ್ತು ಜನರಿಗೆ ೨೯. ಹತ್ತು ಜನರಿಗೂ ೨೯. ಅಲ್ಲಿಂದ ಮುಂದೆ ಏರಿಕೆ. ಮೂವತ್ತು ಜನರಿಗೆ ೪೩. ತೊಂಬತ್ತು ಜನರಿಗೆ ೧೦೧ ನಿಮಿ‌ಷ, ಎಂದರೆ ಒಬ್ಬನೇ ಕುಳಿತು ಮಾಡಿದುದಕ್ಕಿಂತ ಒಂದು ನಿಮಿಷ ಹೆಚ್ಚು! ತ್ರೈರಾಶಿಯು ಸೋಲುವುದು ಮಾತ್ರವಲ್ಲ, ತಿರುಗಿಯೇ ಬೀಳುತ್ತದೆ.

ಈ ಲೆಕ್ಕವನ್ನು ವಿದ್ಯಾರ್ಥಿಗಳ ಗುಂಪಿಗೂ ಹಚ್ಚಬಹುದು. ಐವರಲ್ಲಿ ಇಬ್ಬಿಬ್ಬರ ಜೋಡಿಗಳು ಹತ್ತು. ಹತ್ತು ಜನರಾದರೆ ನಲವತ್ತೈದು. ತಡವಾದ ಯೋಜನೆಗೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಫ್ರೆಡರಿಕ್ ಬ್ರೂಕ್ಸ್ ೧೯೭೫ರಲ್ಲಿ ಬರೆದದ್ದು ಇದರಿಂದಲೇ. ಯೋಜನೆಯ ಗುಂಪುಗಳಲ್ಲಿ ಸಾಮಾನ್ಯವಾಗಿ ಎರಡು ರೋಗಗಳುಂಟು. ಬಲ್ಲವನೊಬ್ಬನೇ ಎಲ್ಲವನ್ನೂ ಬರೆದು ಉಳಿದ ನಾಲ್ವರು ವರದಿಗೆ ಹೆಸರು ಹಾಕುವುದು ಮೊದಲನೆಯದು. ಅದು ಏಳು ಕೋರುಗಳು ಕೈಕಟ್ಟಿ ಕುಳಿತಂತೆ. ಐವರೂ ಬೇರೆ ಬೇರೆಯಾಗಿ ಬರೆದು ಒಪ್ಪಿಸುವ ಹಿಂದಿನ ರಾತ್ರಿ ಕೂಡಿಸಲು ಕೂರುವುದು ಎರಡನೆಯದು; ಗಡಿಯ ಸಾಲುಗಳನ್ನು ಯಾರೂ ಕಳಿಸಿಕೊಂಡಿಲ್ಲವಾದ್ದರಿಂದ ತುಂಡುಗಳು ಹೊಂದುವುದಿಲ್ಲ. ಗುಂಪಿನಲ್ಲಿ ಕಲಿತವರೆಷ್ಟು, ಹೆಸರು ಹಾಕಿದವರೆಷ್ಟು ಎಂಬುದು ಸಣ್ಣ ಪ್ರಶ್ನೆಯಲ್ಲ. ಓದು ಮುಗಿಸಿ ಕೆಲಸ ಹುಡುಕುವ ದಿನ ಅದು ಒಬ್ಬೊಬ್ಬನನ್ನೂ ಒಂಟಿಯಾಗಿ ಎದುರಿಸುತ್ತದೆ. ಅಧ್ಯಾಪಕರು ಒಬ್ಬೊಬ್ಬರಿಗೂ ಅವರವರ ಭಾಗದ ಮೇಲಲ್ಲದೆ ಪಕ್ಕದವನ ಭಾಗದ ಮೇಲೆ ಪ್ರಶ್ನೆ ಹಾಕುವುದು ಉತ್ತಮವೆಂದು ನಾವು ತಿಳಿಯುತ್ತೇವೆ. ಆಗ ಹರಪನಹಳ್ಳಿಯವನು ಕೊಟ್ಟೂರಿನವನ ಸಾಲುಗಳನ್ನು ಓದಿಯೇ ತೀರಬೇಕು.

ವರದಿಯ ವಿಷಯವಾಗಿ ಒಂದು ಮಾತು. ವೇಗ ಎಷ್ಟು ಪಟ್ಟು ಹೆಚ್ಚಿತೆಂಬುದನ್ನು ಅದೇ ಸಮಾಂತರ ಕ್ರಮವಿಧಿಯನ್ನು ಒಂದು ಕೋರಿನ ಮೇಲೆ ನಡೆಸಿದ ಹೊತ್ತಿನೊಡನೆ ಹೋಲಿಸಿ ಹೇಳುವುದುಂಟು. ಅದು ನ್ಯಾಯವಲ್ಲ. ಒಬ್ಬನೇ ಮಾಡುವುದಾದರೆ ಯಾವುದು ಅತ್ಯುತ್ತಮವಾದ ವಿಧಾನವೋ ಅದರೊಡನೆ ಹೋಲಿಸಬೇಕು. ಒಂದು, ಎರಡು, ನಾಲ್ಕು, ಎಂಟು ಕೋರುಗಳ ಮೇಲೆ ಕೆಲವು ಸಲವಾದರೂ ನಡೆಸಿ ಎಲ್ಲ ಅಳತೆಗಳನ್ನೂ ಕೋಷ್ಟಕದಲ್ಲಿ ಕೊಡಬೇಕು. ವೇಗ ಇಳಿದ ಸಾಲನ್ನು ಮುಚ್ಚಿಡಬಾರದು. ಅಧ್ಯಾಪಕರು ಓದಬೇಕಾದ ಸಾಲೇ ಅದು.

ಆಮ್ಡಾಲನ ಮಿತಿಯನ್ನು ಕಂಡು ನಿರಾಶರಾಗಬೇಕಾಗಿಲ್ಲ. ಜಾನ್ ಗುಸ್ತಾಫ್ಸನ್ ೧೯೮೮ರಲ್ಲಿ ಇದನ್ನೇ ಬೇರೆ ದಿಕ್ಕಿನಿಂದ ನೋಡಿದನು. ಹೆಚ್ಚು ಆಳುಗಳು ಸಿಕ್ಕಿದಾಗ ಯಾರೂ ಅದೇ ತುಂಡುಹೊಲವನ್ನು ಅರೆಗಳಿಗೆಯಲ್ಲಿ ಮುಗಿಸಲು ಹೋಗುವುದಿಲ್ಲ. ದೊಡ್ಡ ಹೊಲವನ್ನು ಹಿಡಿಯುತ್ತಾರೆ. ಕೆಲಸ ದೊಡ್ಡದಾದಂತೆ ಹಂಚಬಹುದಾದ ಭಾಗ ಬೆಳೆಯುವುದು. ಹಂಚಲಾಗದ ಭಾಗ ಅಷ್ಟಾಗಿ ಬೆಳೆಯದು. ಹವೆಯ ಮುನ್ಸೂಚನೆಯಲ್ಲಿ ಆಗಿರುವುದು ಇದೇ. ೨೦೨೫ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ, ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ರೂಪಿಸಿದ ಮುನ್ಸೂಚನಾ ವ್ಯವಸ್ಥೆಯು ಭೂಮಿಯನ್ನು ೬ ಕಿಲೋಮೀಟರು ಬದಿಯ ಮನೆಗಳಾಗಿ ಕೊಯ್ಯುತ್ತದೆ. ಅದಕ್ಕೆ ಮುಂಚಿನದು ೧೨ ಕಿಲೋಮೀಟರಿನದು. ಬದಿ ಅರ್ಧವಾದರೆ ಮನೆಗಳು ನಾಲ್ಕು ಪಟ್ಟು. ಅಷ್ಟೇ ಅಲ್ಲ, ಮನೆ ಸಣ್ಣದಾದಾಗ ಗಾಳಿ ಅದನ್ನು ಬೇಗ ದಾಟುವುದರಿಂದ ಲೆಕ್ಕದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಬೇಕು. ಕೆಲಸ ಎಂಟು ಪಟ್ಟಾಯಿತು. ಸಾವಿರ ಚದರ ಕಿಲೋಮೀಟರಿನ ಒಂದು ತಾಲ್ಲೂಕಿನಲ್ಲಿ ಮೊದಲು ಏಳು ಮನೆಗಳು ಹಿಡಿಸುತ್ತಿದ್ದರೆ ಈಗ ಇಪ್ಪತ್ತೆಂಟು. ಮಳೆಗಾಲದಲ್ಲಿ ಕೂಡ್ಲಿಗಿಯಲ್ಲಿ ಸುರಿದು ಕೊಟ್ಟೂರಿನಲ್ಲಿ ಬಾರದೆ ಹೋಗುವ ಮಳೆಯನ್ನು ಕಂಡವರಿಗೆ ಏಳಕ್ಕೂ ಇಪ್ಪತ್ತೆಂಟಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಇಪ್ಪತ್ತೆಂಟೂ ಸಾಲದೆಂದು ಅವರೇ ಹೇಳಿಯಾರು.

ಗಣಕವಿಲ್ಲದ ಶಾಲೆಯಲ್ಲಿಯೂ ಮಾಡಬಹುದಾದ ಒಂದು ಪ್ರಯೋಗವನ್ನು ಇಲ್ಲಿ ಸೂಚಿಸುತ್ತೇವೆ. ಎರಡಂಕಿಯ ೨೪೦ ಸಂಖ್ಯೆಗಳನ್ನು ಹಾಳೆಗಳ ಮೇಲೆ ಬರೆದಿಡಿ. ಮೊದಲು ಒಬ್ಬರು ಎಲ್ಲವನ್ನೂ ಕೂಡಲಿ. ಅನಂತರ ಅಂಥವೇ ಬೇರೆ ೨೪೦ನ್ನು ಇಬ್ಬರು, ಮತ್ತೆ ನಾಲ್ವರು, ಎಂಟು ಜನ, ಹದಿನಾರು ಜನ ಹಂಚಿಕೊಂಡು ಕೂಡಲಿ. ಗಡಿಯಾರವನ್ನು ಕೂಡಲು ತೊಡಗಿದಾಗಲ್ಲ, ಹಾಳೆಗಳನ್ನು ಹಂಚಲು ತೊಡಗಿದಾಗಲೇ ಮೊದಲು ಮಾಡಬೇಕು. ಒಟ್ಟು ಮೊತ್ತ ಹಲಗೆಯ ಮೇಲೆ ಬಿದ್ದು, ತಾಳೆ ನೋಡಿ ಸರಿಯೆಂದು ಕಂಡ ಮೇಲೆಯೇ ನಿಲ್ಲಿಸಬೇಕು. ಜನರ ಸಂಖ್ಯೆಯನ್ನು ಅಡ್ಡಲಾಗಿಯೂ ಹಿಡಿದ ಸೆಕೆಂಡುಗಳನ್ನು ಲಂಬವಾಗಿಯೂ ಗುರುತಿಸಿ ನಕ್ಷೆ ಎಳೆಯಿರಿ. ಎಲ್ಲಿ ಗೆರೆ ಇಳಿಯುವುದನ್ನು ಬಿಟ್ಟು ಏರತೊಡಗುವುದೋ ಅಲ್ಲೊಂದು ಚುಕ್ಕೆ ಇಡಿ. ಮರುದಿನ ೨೪೦ರ ಬದಲು ೯೬೦ ಸಂಖ್ಯೆಗಳನ್ನು ತೆಗೆದುಕೊಂಡು ಅದೇ ಪ್ರಯೋಗವನ್ನು ಮಾಡಿ, ಆ ಚುಕ್ಕೆ ಬಲಕ್ಕೆ ಎಷ್ಟು ಸರಿಯಿತೆಂದು ಅಳೆಯಿರಿ.